ಪಟ್ಟಿಯ ಮೊದಲ ಸಾಲು

ಆಗಸ್ಟ್ ೧೮, ಸೋಮವಾರ

ಅತ್ತೆಯನ್ನು ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದು ತಿಂಗಳಾಗುತ್ತಾ ಬಂತು. ಬಲಗೈ ಎತ್ತಲಾಗುವುದಿಲ್ಲ, ಬಲಗಾಲನ್ನು ಎಳೆದುಕೊಂಡು ನಡೆಯುತ್ತಾರೆ. ಮಾತು ಹೋಗಿದೆ. ಪೂರ್ತಿ ಹೋಗಿಲ್ಲ, ಒಂದು ಮಾತು ಉಳಿದಿದೆ. "ಬುಡು." ನೀರು ಬೇಕಾದರೂ ಬುಡು, ಸೆಕೆಯಾದರೂ ಬುಡು, ಮಗ ಬಂದು ಪಕ್ಕದಲ್ಲಿ ಕೂತರೂ ಬುಡು. ಲಕ್ವ ಹೊಡೆದವರಲ್ಲಿ ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುವುದುಂಟು, ಅವರು ಬೇಕೆಂದು ಹೇಳುವುದಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರ ಬಾಯಲ್ಲಿ ಹೆಚ್ಚಾಗಿ ಕೇಳಿದ್ದು ಅದನ್ನೇ. ಸಾರಿಗೆ ಖಾರ ಹಾಕಲು ಹೋದರೆ "ಬುಡು, ನಾನ್ ಹಾಕ್ತೀನಿ." ತೋಟದ ವಿಚಾರ ಕೇಳಿದರೆ "ಬುಡು, ನಿಂಗೆಲ್ಲಿ ಗೊತ್ತಾಯ್ತದೆ." ಇದ್ದ ಮಾತೆಲ್ಲ ಹೋಗಿ ಇದೊಂದೇ ಉಳಿಯಬೇಕಾಗಿತ್ತೇ?

ಬರೆದು ಓದಿಕೊಂಡರೆ ಕೆಟ್ಟದಾಗಿ ಕಾಣುತ್ತದೆ. ಓದುವವರು ನಾನೊಬ್ಬಳೇ, ಇರಲಿ.

ಕಂಪನಿಯಲ್ಲಿ ಹೊಸ ಕೆಲಸ ಶುರುವಾಯಿತು. ಕಿಬ್ಬನಹಳ್ಳಿ ಕ್ರಾಸಿನಲ್ಲಿರುವ ನಮ್ಮ ತೆಂಗು ಬೆಳೆಗಾರರ ಕಂಪನಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ಸದಸ್ಯರಿದ್ದಾರೆ. ಯಾರ ತೋಟದ ಮರಕ್ಕೆ ಏನು ರೋಗ ಎನ್ನುವುದನ್ನು ಇಷ್ಟು ದಿನ ಷರಾ ಕಾಲಂನಲ್ಲಿ ತೋಚಿದ ಹಾಗೆ ಟೈಪ್ ಮಾಡುತ್ತಿದ್ದೆವು. ಒಬ್ಬರು 'ರಸ ಸೋರುತ್ತೆ' ಅಂತ, ಇನ್ನೊಬ್ಬರು 'ಕಾಂಡ ಸೋರುವ ರೋಗ' ಅಂತ, ಯಾರೋ ಪುಣ್ಯಾತ್ಮರು 'ಮರ ಅಳುತ್ತೆ' ಅಂತ. ಮೂರೂ ಒಂದೇ ರೋಗ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಯಾವ ಔಷಧಿ ಎಷ್ಟು ತರಿಸಬೇಕೆಂದರೆ ಲೆಕ್ಕವೇ ಸಿಗುವುದಿಲ್ಲ.

"ಇನ್ ಮೇಲೆ ಟೈಪ್ ಮಾಡೋದೇ ಬೇಡ ಕಣಮ್ಮ ಜ್ಯೋತಿ. ಒಂದೊಂದ್ ರೋಗಕ್ಕೂ ಒಂದ್ ಕೋಡ್ ಕೊಡು. ಒತ್ತಿದ್ರೆ ಪಟ್ಟಿ ಇಳೀಬೇಕು, ಅದ್ರಲ್ಲಿ ಒಂದನ್ನ ಆರಿಸ್ಕೋಬೇಕು," ಎಂದರು ಮ್ಯಾನೇಜರ್ ಶಿವಮೂರ್ತಿ ಸರ್.

ಬೆಳಿಗ್ಗೆ ಆಫೀಸು. ಮಧ್ಯಾಹ್ನದ ಬಸ್ಸಿಗೆ ಹೊನ್ನವಳ್ಳಿ, ಮಿಕ್ಕ ಕೆಲಸ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ. ನಾನು ಬರುವವರೆಗೆ ಪಕ್ಕದ ಮನೆಯ ಭೂತಮ್ಮ ಅತ್ತೆಯ ಹತ್ತಿರ ಇರುತ್ತಾರೆ. ನಮ್ಮ ಯಜಮಾನರಿಗೆ ಗೂಡ್ಸ್ ಆಟೋ, ತೋಟ ಎರಡೂ ಇವೆ. ಮಗಳು ಮೋನಿಕಾ ತುಮಕೂರಿನ ಹಾಸ್ಟೆಲಿನಲ್ಲಿ. ಉಳಿದವಳು ನಾನು.

ಆಗಸ್ಟ್ ೨೧, ಗುರುವಾರ

ಪಟ್ಟಿ ಸಿದ್ಧ. ಅಕಾರಾದಿಯಾಗಿ ಜೋಡಿಸಿದೆ: ಅಣಬೆ ರೋಗ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಕೆಂಪು ಮೂತಿ ಹುಳು, ನುಸಿ, ಸುಳಿ ಕೊಳೆ. ಪ್ರತಿಯೊಂದಕ್ಕೂ ಕೋಡ್. 'ಇತರೆ' ಎಂದು ಒಂದು ಸಾಲು ಹಾಕೋಣವೇ ಎಂದು ಫೀಲ್ಡ್ ನೋಡಿಕೊಳ್ಳುವ ಪುನೀತ್ ಕೇಳಿದ. ಬೇಡ ಎಂದೆ. 'ಇತರೆ' ಇಟ್ಟರೆ ಎಲ್ಲರೂ ಸೋಮಾರಿಗಳಾಗಿ ಅದನ್ನೇ ಒತ್ತುತ್ತಾರೆ.

ಬಾಣದ ಗುರುತು ಒತ್ತಿದಾಗ ಪಟ್ಟಿ ಪರದೆಯ ಮೇಲೆ ಇಳಿಯುವುದನ್ನು ನೋಡುವುದೇ ಒಂದು ಸಮಾಧಾನ. ಎಲ್ಲವೂ ಅದರದರ ಜಾಗದಲ್ಲಿ.

ಆಗಸ್ಟ್ ೩೦, ಶನಿವಾರ

ಹಬ್ಬಕ್ಕೆ ಬಂದ ನಾದಿನಿ ಆಶಾ ಇನ್ನೂ ಇಲ್ಲೇ ಇದ್ದಾಳೆ. ನಾಳೆ ತುರುವೇಕೆರೆಗೆ ಹೊರಡುತ್ತಾಳೆ. ಇವತ್ತು ತಿಂಡಿಯಾದ ಮೇಲೆ ಅಣ್ಣನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದಳು.

"ಅವ್ವನ್ನ ನಮ್ಮನೇಗೆ ಕರ್ಕೊಂಡೋಗ್ತೀನಿ ಕಣಣ್ಣ. ನಾಕ್ ದಿನಕ್ಕಲ್ಲ, ಇನ್ ಮೇಲೆ ಅಲ್ಲೇ ಇರ್ಲಿ. ಟೌನು, ಆಸ್ಪತ್ರೆ ಹತ್ರ. ನಮ್ಮನೆಯವ್ರುದೂ ಒಪ್ಪಿಗೆ ಐತೆ. ಅತ್ಗೆ ಒಬ್ರೇ ಎಷ್ಟೂಂತ ಮಾಡ್ತಾರೆ?"

ಇವರು "ಅವ್ವನ್ನೇ ಕೇಳು," ಎಂದರು.

ಆಶಾ ಅತ್ತೆಯ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. "ಅವ್ವ, ನಮ್ಮನೇಗೆ ಬತ್ತೀಯಾ, ಇಲ್ಲೇ ಇರ್ತೀಯಾ?" ಅತ್ತೆ ಮಗಳ ಮುಖ ನೋಡಿದರು, 'ಬತ್ತೀಯಾ' ಎಂದಾಗಲೇ ಹೂಂ ಎಂಬಂತೆ ತಲೆಯಾಡಿಸಿದರು. "ಬುಡು," ಎಂದರು. ಆಶಾಳ ಕಣ್ಣು ತುಂಬಿಕೊಂಡವು. ದಸರಾ ಮುಗಿದ ಮೇಲೆ ಕಾರು ತರುವುದೆಂದು ಮಾತಾಯಿತು.

ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ಶುರುಮಾಡಿದೆ. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ ಎಂದು ಆಮೇಲೆ ತಿಳಿಯಿತು. ಬೇಸರಕ್ಕಲ್ಲ. ಅತ್ತೆ ಹೋದ ಮೇಲೆ ಬೆಳಿಗ್ಗೆದ್ದು ಯಾರನ್ನೂ ಎಬ್ಬಿಸಿ ಕೂರಿಸಬೇಕಿಲ್ಲ, ಸ್ನಾನ ಮಾಡಿಸಬೇಕಿಲ್ಲ, ಬಸ್ಸಿನಲ್ಲಿ ಕೂತಾಗ ಮನೆಯಲ್ಲಿ ಏನಾಯಿತೋ ಎಂಬ ಯೋಚನೆ ಇರುವುದಿಲ್ಲ. ಅಷ್ಟೇ ಅಂದುಕೊಂಡೆ.

ಸೆಪ್ಟೆಂಬರ್ ೮, ಸೋಮವಾರ

ಪಟ್ಟಿಯಲ್ಲಿ 'ನುಸಿ' ಎರಡು ಸಲ ಬಂದಿತ್ತು. ಒಂದನ್ನು ಅಳಿಸಿದೆ. ಆ ಕೋಡಿನಲ್ಲಿ ಆಗಲೇ ನಮೂದಾಗಿದ್ದ ತೋಟಗಳೆಲ್ಲ ಖಾಲಿ ಖಾಲಿ ಕಂಡವು. ಸಾಫ್ಟ್‌ವೇರಿನವರನ್ನು ಕೇಳಿದರೆ ಕೋಡನ್ನು ಅಳಿಸಬಾರದಂತೆ, 'ಬಳಕೆಯಲ್ಲಿಲ್ಲ' ಎಂದು ಗುರುತು ಹಾಕಿ ಪಟ್ಟಿಯಿಂದ ಮರೆಮಾಡಬೇಕಂತೆ. ಹಳೆಯ ನಮೂದು ಹಾಗೇ ಉಳಿಯುತ್ತದೆ. ಎಲ್ಲ ಸರಿಮಾಡುವಷ್ಟರಲ್ಲಿ ಬಸ್ಸು ತಪ್ಪಿತು.

ಮನೆಗೆ ಬಂದರೆ ಬೆಳಿಗ್ಗೆ ಕೊಟ್ಟ ಕಾಫಿ ಲೋಟದಲ್ಲಿ ಕೆನೆಗಟ್ಟಿ ಕೂತಿತ್ತು. ದಿನಾ ಇದೇ. "ಕಾಫಿ ಕೊಡ್ಲಾ, ಮಜ್ಜಿಗೆ ಕೊಡ್ಲಾ ಅತ್ತೆ?" ಎಂದು ಕೇಳಿಯೇ ಕೊಡುತ್ತೇನೆ. ಕಾಫಿ ಎಂದಾಗ ತಲೆಯಾಡಿಸುತ್ತಾರೆ. ಕೊಟ್ಟರೆ ಕುಡಿಯುವುದಿಲ್ಲ. ಕಾಯಿಲೆ ಬಿದ್ದರೂ ಹಟ ಬಿಟ್ಟಿಲ್ಲ.

ಸೆಪ್ಟೆಂಬರ್ ೨೨, ಸೋಮವಾರ

ಪುನೀತ್ ಮತ್ತವನ ಹುಡುಗರು ತೋಟತೋಟಕ್ಕೆ ಹೋಗಿ ಮೊಬೈಲಿನಲ್ಲಿ ತುಂಬಿದ ಸಮೀಕ್ಷೆಯ ಮೊದಲ ಕಂತು ಬಂತು. ತುರುವೇಕೆರೆ ಕಡೆಯ ತೋಟಗಳಲ್ಲಿ ಮುಕ್ಕಾಲು ಪಾಲು ಅಣಬೆ ರೋಗ. ಶಿವಮೂರ್ತಿ ಸರ್ ಗಾಬರಿಯಾಗಿ ಆ ರೋಗದ ಔಷಧಿಗೆ ದೊಡ್ಡ ಆರ್ಡರ್ ಬರೆಸಲು ಹೊರಟರು. ನನಗೆ ಯಾಕೋ ಸರಿಯೆನಿಸಲಿಲ್ಲ. ಅಷ್ಟು ಮರಕ್ಕೆ ಅಣಬೆ ಬಂದಿದ್ದರೆ ಊರೂರಲ್ಲಿ ಅದೇ ಮಾತಾಗಿರಬೇಕಿತ್ತು. ಒಂದು ದಿನ ತಡೆಯಿರಿ ಸರ್ ಎಂದೆ. ಪುನೀತ್‌ನನ್ನು ಕರೆದು ಕೇಳಿದೆ.

ಅವನು ಮೊಬೈಲ್ ತೆಗೆದು ಪಟ್ಟಿ ತೋರಿಸಿದ. "ಬಿಸ್ಲಲ್ಲಿ ಪರದೆ ಕಾಣ್ಸಲ್ಲ ಕಣಕ್ಕ. ಪಟ್ಟಿ ತೆಗೀತಿದ್ದಂಗೆ ಮೊದಲ್ನೇದೇ ಹಿಡ್ಕೊಂಡಿರ್ತದೆ. ಹಂಗೇ ಸೇವ್ ಆಗ್ಬುಡ್ತದೆ. ಕೆಲವ್ರು ನೋಡಿ ಬದಲಾಯ್ಸವ್ರೆ, ಕೆಲವ್ರು ಇಲ್ಲ."

ಅಂದರೆ ಅದು ರೋಗವಲ್ಲ, ನನ್ನ ಪಟ್ಟಿಯ ಮೊದಲ ಸಾಲು.

ಆರ್ಡರ್ ನಿಂತಿತು. ಆ ತೋಟಗಳಿಗೆ ಮತ್ತೊಮ್ಮೆ ಹೋಗಬೇಕು. ಎಲ್ಲಕ್ಕೂ ಮೇಲೆ ಒಂದು ಖಾಲಿ ಸಾಲು ಸೇರಿಸಿದೆ. ಆರಿಸದೆ ಇದ್ದರೆ ಮುಂದಕ್ಕೆ ಹೋಗದ ಹಾಗೆ ಮಾಡಿದೆ.

ಸೆಪ್ಟೆಂಬರ್ ೨೪, ಬುಧವಾರ

ಇವತ್ತು ಬೆಳಿಗ್ಗೆ ಕೇಳುವಾಗ ನಾಲಿಗೆ ಹೊರಳಿ "ಮಜ್ಜಿಗೆ ಕೊಡ್ಲಾ, ಕಾಫಿ ಕೊಡ್ಲಾ?" ಎಂದೆ. ಅತ್ತೆ ಮಜ್ಜಿಗೆ ಎಂದ ಕೂಡಲೇ ತಲೆಯಾಡಿಸಿದರು.

ಮತ್ತೆ ತಿರುವಿ ಕೇಳಿದೆ. ಕಾಫಿ ಎಂದಾಗ ತಲೆಯಾಡಿಸಿದರು. "ಫ್ಯಾನ್ ಹಾಕ್ಲಾ, ಬ್ಯಾಡ್ವಾ?" ತಲೆಯಾಡಿಸಿದರು. "ಫ್ಯಾನ್ ಬ್ಯಾಡ್ವಾ, ಹಾಕ್ಲಾ?" ಆಗಲೂ ಅಷ್ಟೆ.

ಒಳಗೆ ಹೋಗಿ ಎರಡು ಲೋಟ ತಂದೆ. ಒಂದರಲ್ಲಿ ಕಾಫಿ, ಒಂದರಲ್ಲಿ ಮಜ್ಜಿಗೆ. ಬಾಯಿ ಬಿಡದೆ ಎರಡನ್ನೂ ಅವರ ಮುಂದೆ ಇಟ್ಟೆ. ಎಡಗೈ ನಿಧಾನವಾಗಿ ಬಂದು ಮಜ್ಜಿಗೆ ಲೋಟವನ್ನು ಹಿಡಿಯಿತು. ಗಟಗಟನೆ ಕುಡಿದರು. ಗಲ್ಲದ ಮೇಲೆ ಸುರಿದದ್ದನ್ನು ಒರೆಸಿದೆ. ತಿಂಗಳುಗಟ್ಟಲೆ ಕಾಫಿ ಎದುರಿಗೆ ಕೂತಿದ್ದರು, ಪಾಪ.

ಅತ್ತೆಗೆ ಕಾಫಿ ಬೇಡ, ಮಜ್ಜಿಗೆ ಬೇಕು ಎಂದಷ್ಟೇ ಇವರಿಗೆ ಹೇಳಿದೆ. ಆಶಾ ಕೇಳಿದ್ದನ್ನು ಮಾತ್ರ ಎತ್ತಲಿಲ್ಲ. ಅವಳು ಮೊದಲು ಅಂದದ್ದು "ನಮ್ಮನೇಗೆ ಬತ್ತೀಯಾ" ಎಂದೇ. ನನಗೆ ನೆನಪಿದೆ.

ಸೆಪ್ಟೆಂಬರ್ ೨೯, ಸೋಮವಾರ

ಪಟ್ಟಿಯ ಕೆಲಸ ಮುಗಿದರೆ ನವೆಂಬರಿನಿಂದ ಪೂರ್ತಿ ದಿನ ಬರುತ್ತೀಯಾ, ಡೇಟಾ ವಿಭಾಗವೆಲ್ಲ ನೀನೇ ನೋಡಿಕೋ ಎಂದು ಶಿವಮೂರ್ತಿ ಸರ್ ಕೇಳಿದರು. ಬರುತ್ತೇನೆ ಎಂದೆ. ಅತ್ತೆ ದಸರಾ ಕಳೆದ ಮೇಲೆ ಮಗಳ ಮನೆಗೆ ಹೋಗುತ್ತಾರೆ ಎಂದೂ ಹೇಳಿದೆ.

ಅತ್ತೆ ತಲೆಯಾಡಿಸುವ ವಿಷಯ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಶಾ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ.

ಅಕ್ಟೋಬರ್ ೧, ಬುಧವಾರ

ಆಯುಧಪೂಜೆ. ಆಟೋ ತೊಳೆದು ಹೂ ಹಾಕಿದೆವು. ಅತ್ತೆಗೆ ಮಜ್ಜಿಗೆ. ಬರೆಯಲು ಮನಸ್ಸಿಲ್ಲ.

ಅಕ್ಟೋಬರ್ ೫, ಭಾನುವಾರ

ಆಶಾ ಕಾರಿನಲ್ಲಿ ಬಂದಳು. ಅತ್ತೆಯ ಸೀರೆ, ಔಷಧಿ, ಊರುಗೋಲು ಎಲ್ಲ ನಾನೇ ಚೀಲಕ್ಕೆ ತುಂಬಿಟ್ಟಿದ್ದೆ. ಊಟ ಮುಗಿಯಿತು. ಆಶಾ ಚೀಲ ಎತ್ತಿಕೊಂಡಳು. ಆಗ ನನ್ನ ಬಾಯಿಂದ ಬಂದೇಬಿಟ್ಟಿತು.

"ಆಶಾ, ಅತ್ತೆ ಒಪ್ಪವ್ರೆ ಅಂತ ನಂಗೆ ಅನ್ನಿಸ್ತಿಲ್ಲ."

"ಅವತ್ತು ತಲೆ ಆಡಿಸ್ಲಿಲ್ವಾ ಅತ್ಗೆ? ನೀವೂ ಅಲ್ಲೇ ಇದ್ರಲ್ಲ."

"ಯಾವ್ದು ಮೊದಲು ಹೇಳಿದ್ರೂ ಅದಕ್ಕೇ ತಲೆ ಆಡಿಸ್ತಾರೆ. ಇಲ್ಲಿ ನೋಡು." ಅತ್ತೆಯ ಮುಂದೆ ಕೂತು ಕೇಳಿದೆ, "ಇಲ್ಲೇ ಇರ್ತೀರಾ ಅತ್ತೆ, ಆಶಾ ಮನೇಗೆ ಹೋಗ್ತೀರಾ?" ಇಲ್ಲೇ ಎಂದ ಕೂಡಲೇ ತಲೆಯಾಡಿಸಿದರು.

ಆಶಾ ಚೀಲ ಕೆಳಗಿಟ್ಟಳು. ಅವಳ ಮುಖ ಕಪ್ಪಿಟ್ಟಿತು. "ಹಂಗಾರೆ ಅವ್ವಂಗೆ ಏನೂ ಅರ್ಥ ಆಗಲ್ಲ ಅಂತೀರಾ?"

"ಅರ್ಥ ಆಗ್ತದೆ. ನಾವ್ ಕೇಳೋದು ಸರಿ ಇಲ್ಲ ಅಷ್ಟೆ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಇವರು ಕೇಳಿದರು. ನಾನು ಎದ್ದು ಮೊಬೈಲ್ ತಂದೆ.

ನನ್ನ ಮೊಬೈಲಿನಲ್ಲಿ ನಮ್ಮ ಮನೆಯ ಫೋಟೋ ತೆಗೆದೆ. ಆಶಾಳ ಮೊಬೈಲಿನಲ್ಲಿ ಅವಳ ಮನೆಯದು. ಎರಡನ್ನೂ ಮಂಚದ ಮೇಲೆ ಪಕ್ಕಪಕ್ಕ ಇಟ್ಟು ಸುಮ್ಮನೆ ಕಾದೆವು. ಅತ್ತೆ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಎಡಗೈಯಿಂದ ಎರಡನ್ನೂ ಮೆಲ್ಲಗೆ ದೂರ ತಳ್ಳಿದರು. "ಬುಡು," ಎಂದರು.

ಈ ಸಲ ಆ ಮಾತು ಅದರ ಅರ್ಥದಲ್ಲೇ ಬಂದಂತಿತ್ತು.

ಆಶಾ ಖಾಲಿ ಕಾರಿನಲ್ಲಿ ವಾಪಸ್ ಹೋದಳು. ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ.

ಅಕ್ಟೋಬರ್ ೯, ಗುರುವಾರ

ಪುನೀತ್ ಒಂದು ತೋಟದ ವಿವರ ತುಂಬದೆ ಬಂದಿದ್ದ. ಅಲ್ಲಿ ಸಿಡಿಲು ಬಡಿದ ಮರಗಳಿದ್ದವಂತೆ. "ನಿಮ್ಮ ಪಟ್ಟೀಲಿ ಸಿಡಿಲಿಲ್ಲ. ಆರಿಸ್ದೆ ಮುಂದಕ್ಕೂ ಬಿಡಲ್ಲ. ಏನ್ ಮಾಡ್ಲಿ? ಆ ರೈತ್ರು ನನ್ ಮುಖಾನೇ ನೋಡ್ತಾ ನಿಂತಿದ್ರು. ನುಸಿ ಅಂತ ಒತ್ತಕ್ಕೆ ಮನಸ್ಸು ಬರ್ಲಿಲ್ಲ," ಎಂದ.

ಕೊನೆಗೆ 'ಇತರೆ' ಸೇರಿಸಿದೆ. ಅದನ್ನು ಒತ್ತಿದರೆ ಪಕ್ಕದಲ್ಲಿ ಬರೆಯಲು ಜಾಗ ತೆರೆದುಕೊಳ್ಳುತ್ತದೆ.

ಬಸ್ಸಿನಲ್ಲಿ ಬರುವಾಗ ಅತ್ತೆ ಎರಡು ಮೊಬೈಲನ್ನೂ ತಳ್ಳಿದ್ದೇ ಕಣ್ಣ ಮುಂದೆ. ಮಗನ ಮನೆ, ಮಗಳ ಮನೆ. ಎರಡೇ ಯಾಕೆ ತೋರಿಸಿದೆವು?

ಅಕ್ಟೋಬರ್ ೧೨, ಭಾನುವಾರ

ಬೆಳಗಿನ ಬಿಸಿಲಿಗೆ ಅತ್ತೆಯನ್ನು ಜಗುಲಿಯಲ್ಲಿ ಕೂರಿಸಿ ನನ್ನ ಮೊಬೈಲಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಏನನ್ನೂ ಕೇಳಲಿಲ್ಲ. ಮೋನಿಕಾ, ತೋಟ, ಹಸು, ಯಾರದೋ ಮದುವೆ, ನಾಮಕರಣ. ಕಂದಿಕೆರೆಯ ಗೃಹಪ್ರವೇಶದ ಫೋಟೋ ಬಂದಾಗ ನನ್ನ ಕೈ ಹಿಡಿದರು. ಅದರಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಮಾತ್ರ ಕಾಣುವ ಹಾಗೆ ಹುಚ್ಚಕ್ಕ ನಿಂತಿದ್ದಾರೆ, ಅತ್ತೆಯ ಅಕ್ಕ. ಅತ್ತೆ ಆ ಅರ್ಧ ಮುಖದ ಮೇಲೆ ಬೆರಳಿಟ್ಟರು. ಚಿತ್ರ ದೊಡ್ಡದಾಯಿತು. ಅವರು ಗಾಬರಿಯಾಗಿ ಬೆರಳು ತೆಗೆದರು, ಮತ್ತೆ ಇಟ್ಟರು.

ಹುಚ್ಚಕ್ಕ ದೊಡ್ಡವ್ವನಿಗೆ ಗಂಡ ಇಲ್ಲ, ಮಕ್ಕಳಿಲ್ಲ. ತವರಾದ ಕಂದಿಕೆರೆಯಲ್ಲೇ ತಮ್ಮನ ಮಗ ಶ್ರೀರಂಗಯ್ಯನ ಮನೆಯಲ್ಲಿದ್ದಾರೆ. ಅತ್ತೆಗೆ ಹೀಗಾದಾಗ ಫೋನಿನಲ್ಲಿ ಹೇಳಿದ್ದೆವು. ಮೊಣಕಾಲು ನೋವಿದ್ದದ್ದರಿಂದ ಅವರಿಗೆ ಆಸ್ಪತ್ರೆಗೆ ಬರಲಾಗಲಿಲ್ಲ. ಆಮೇಲೆ ನಾವೂ ಕರೆಯಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಟೋಬರ್ ೨೫, ಶನಿವಾರ

ದೀಪಾವಳಿ ಕಳೆದ ಮೇಲೆ ಇವತ್ತು ಕಂದಿಕೆರೆಗೆ ಹೋಗಿ ಬಂದೆವು. ಬಾಡಿಗೆ ಕಾರು. ದಾರಿಯುದ್ದಕ್ಕೂ ಅತ್ತೆ ಕಿಟಕಿಗೆ ಹಣೆ ಒತ್ತಿಕೊಂಡೇ ಕೂತಿದ್ದರು.

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದರು. ತಂಗಿಯನ್ನು ಮೇಲಿಂದ ಕೆಳಗೆ ನೋಡಿದರು. "ಏನೇ ಕೆಂಚಿ, ಹಿಂಗಾಗ್ಬುಟ್ಟೆ," ಎಂದರು. ಅತ್ತೆ "ಬುಡು," ಎಂದರು. "ಬುಡೋದೇನು, ಬಾ ಒಳೀಕೆ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ದೊಡ್ಡವ್ವ ಯಾರ ಎಮ್ಮೆ ಕರು ಹಾಕಿತು, ಯಾರ ಸೊಸೆ ಜಗಳವಾಡಿ ತವರಿಗೆ ಹೋದಳು ಎಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನಡುನಡುವೆ ಅತ್ತೆಯ "ಬುಡು." ಅದಕ್ಕೆ ದೊಡ್ಡವ್ವ "ಅಯ್ಯೋ ಹೌದು ಕಣೇ," ಎನ್ನುತ್ತಿದ್ದರು, ಇಲ್ಲವೇ "ನೀನ್ ಏನಾದ್ರೂ ಅನ್ನು, ತಪ್ಪು ಅವ್ಳುದೇ," ಎನ್ನುತ್ತಿದ್ದರು. ನಾವು ಪ್ರಶ್ನೆ ಕೇಳಿ ಕೇಳಿ ಸೋತಿದ್ದೆವು. ಅವರು ಒಂದನ್ನೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಅತ್ತೆ ಎಡಗೈಯಲ್ಲಿ ಅಕ್ಕನ ಸೆರಗು ಹಿಡಿದುಕೊಂಡರು. ಬಿಡಿಸಲು ಇವರು ಹೋದರು. ನಾನು ಬೇಡವೆಂದೆ.

"ದೊಡ್ಡವ್ವ, ನೀವೇ ಬನ್ನಿ ನಮ್ಮ ಜೊತೆ," ಎಂದೆ. ಇವರನ್ನು ಒಂದು ಮಾತೂ ಕೇಳಿರಲಿಲ್ಲ.

ದೊಡ್ಡವ್ವ ಶ್ರೀರಂಗಯ್ಯನ ಕಡೆ ನೋಡಿದರು. ಅವನು ಹೂಂ ಎನ್ನುವ ಮೊದಲೇ ಒಳಗೆ ಹೋಗಿ ಎರಡು ಸೀರೆ, ಎಲೆಅಡಿಕೆ ಚೀಲ ತಂದರು. "ನಾಕ್ ದಿನ ಇದ್ದು ಬತ್ತೀನಿ ಕಣ್ಲಾ," ಎಂದರು.

ನವೆಂಬರ್ ೧೧, ಮಂಗಳವಾರ

ದೊಡ್ಡವ್ವ ಎಲೆಅಡಿಕೆ ಹಾಕಿಕೊಂಡು ದಾಸವಾಳದ ಗಿಡದ ಬುಡಕ್ಕೇ ಉಗಿಯುತ್ತಾರೆ. ಬೇಡ ಎಂದರೆ "ಗಿಡಕ್ಕೇನಾಯ್ತದೆ, ಇನ್ನೂ ಕೆಂಪ್ಗೆ ಬುಡ್ತದೆ," ಎನ್ನುತ್ತಾರೆ. ಸಾರಿಗೆ ಹುಳಿ ಸಾಲದು, ಮುದ್ದೆ ಗಟ್ಟಿಯಿಲ್ಲ, ಟಿ.ವಿ. ಸದ್ದು ಜಾಸ್ತಿ. ಒಂದಿದ್ದದ್ದು ಎರಡಾಯಿತು ಎಂದು ಭೂತಮ್ಮ ನಗುತ್ತಾರೆ.

ಆಶಾ ಬಂದಿದ್ದಳು. ಅವ್ವನೂ ದೊಡ್ಡವ್ವನೂ ಒಬ್ಬರಿಗೊಬ್ಬರು ಜಡೆ ಹೆಣೆಯುವವರ ಹಾಗೆ ಒತ್ತಿಕೊಂಡು ಕೂತಿದ್ದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. "ನೀವ್ ಕೂತ್ಕಳಿ ಅತ್ಗೆ, ನಾನ್ ಮಾಡ್ತೀನಿ." ಅಷ್ಟು ಸಾಕಾಯಿತು.

ಪೂರ್ತಿ ದಿನದ ಕೆಲಸ ಈಗಲೇ ಆಗುವುದಿಲ್ಲ ಎಂದು ಶಿವಮೂರ್ತಿ ಸರ್‌ಗೆ ಹೇಳಿದ್ದೇನೆ. ಅತ್ತೆ ಮಗಳ ಮನೆಗೆ ಹೋಗುತ್ತಾರೆ ಅಂದಿದ್ದೆಯಲ್ಲ ಎಂದರು. ಹೋಗಲಿಲ್ಲ ಸರ್ ಎಂದೆ. ಸ್ವಲ್ಪ ಗೊಣಗಿದರು. ಯುಗಾದಿಯವರೆಗೆ ನೋಡೋಣ ಎಂದರು. ಪಟ್ಟಿ ಚೆನ್ನಾಗಿ ನಡೆಯುತ್ತಿದೆ. 'ಇತರೆ'ಯಲ್ಲಿ ಬರೆದದ್ದನ್ನು ವಾರಕ್ಕೊಮ್ಮೆ ಓದುತ್ತೇನೆ. ಜನ ಸೋಮಾರಿಗಳೇನೂ ಅಲ್ಲ. 'ಮಂಗ ಎಳನೀರು ಕಿತ್ತು ಹಾಕ್ತವೆ, ಇದಕ್ಕೆ ಔಷಧಿ ಇದ್ದರೆ ತಿಳಿಸಿ' ಎಂದು ಒಬ್ಬರು ಬರೆಸಿದ್ದಾರೆ.

ಡಿಸೆಂಬರ್ ೧೪, ಭಾನುವಾರ

ಅವರೆಕಾಯಿ ಸೊಗಡು ಮನೆಯೆಲ್ಲ ತುಂಬಿದೆ. ಅಂಗಳದಲ್ಲಿ ಮೊರದ ಎರಡು ಕಡೆ ಅಕ್ಕ ತಂಗಿ. ದೊಡ್ಡವ್ವ ಕಾಯಿ ಹಿಸುಕಿ ಬಾಯಿ ಬಿಡಿಸಿ ಕೊಡುತ್ತಾರೆ. ಅತ್ತೆ ಎಡಗೈ ಬೆರಳಿನಿಂದ ಕಾಳು ಜಾರಿಸುತ್ತಾರೆ. ಅರ್ಧ ಮೊರಕ್ಕೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದು ಕೋಳಿಗೆ.

ಶ್ರೀರಂಗಯ್ಯನ ಫೋನು ಬಂತು. ದೊಡ್ಡವ್ವ ಹೋಗಿ ಬಹಳ ದಿನವಾಯಿತು, ಬರುವ ವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ನಿಮಗೂ ಇಬ್ಬರನ್ನು ನೋಡಿಕೊಳ್ಳುವುದು ಕಷ್ಟ ಎಂದೂ ಸೇರಿಸಿದ. ಅವನ ದನಿ ಮೊಬೈಲಿನಿಂದ ಹೊರಗೂ ಕೇಳುತ್ತಿತ್ತು. ಮೊರದ ಹತ್ತಿರ ಕಾಯಿ ಹಿಸುಕುವ ಸದ್ದು ನಿಂತಿತು.

"ಈಗ ಬರ್ಬೇಡ ಕಣಪ್ಪ," ಎಂದೆ. "ಇವ್ರಿಗೆ ಆಟೋ ಬಾಡಿಗೆ ಜಾಸ್ತಿ, ಮನೇಲಿ ಇರೋರು ಇಲ್ಲ. ಅವರೆಕಾಯಿ ಬೇರೆ ರಾಶಿ ಬಿದ್ದೈತೆ. ಕಾಲ ಮುಗೀಲಿ, ನೋಡಾನ." ಆಟೋ ಮನೆ ಮುಂದೆಯೇ ನಿಂತಿತ್ತು. ಇವರು ಅದರ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದರು.

ಫೋನು ಇಟ್ಟೆ. ದೊಡ್ಡವ್ವ ತಲೆ ಎತ್ತದೆ ಕೇಳಿದರು, "ಅವರೆಕಾಯಿ ಮುಗುದ್ಮೇಲೆ?"

"ಆಮೇಲೆ ಮಾವಿನಕಾಯಿ ಬತ್ತದಲ್ಲ ದೊಡ್ಡವ್ವ, ಉಪ್ಪಿನಕಾಯಿ ಹಾಕೋರ್ ಯಾರು? ಅದಾದ್ಮೇಲೆ ಹಲಸು," ಎಂದೆ.

ಅವರು ಮೊರವನ್ನು ನನ್ನ ಕಡೆಗೆ ಸ್ವಲ್ಪ ತಳ್ಳಿದರು. ನಾನೂ ಕೂತು ಕಾಯಿ ಬಿಡಿಸತೊಡಗಿದೆ.